ಟ್ರೊಮ್ಸೊದ ಮೂರನೆಯ ಗಂಟು

ತೇಲೂರು, ಅರಬ್ಬಿ ಸಮುದ್ರ
ಫೆಬ್ರವರಿ ೩೦, ೨೨೮೬

ನಮಗಿಂತ ಹಿಂದೆ ಬಾಳುತ್ತಿರುವವರಿಗೆ,

ತಾರೀಖು ನೋಡಿ ನಗಬೇಡಿ. ಮೇ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ನಲವತ್ತು ವರ್ಷವಾಯಿತು. ಹಾಗೆ ಮಾಡಿದರೆ ಬೇಸಿಗೆ ಚಿಕ್ಕದಾದಂತೆ ಜನಕ್ಕೆ ಅನ್ನಿಸೀತೆಂದು ಯಾರೋ ದೊಡ್ಡವರ ತಲೆಗೆ ಹೊಳೆದಿತ್ತು. ಯಾರಿಗೂ ಹಾಗೆ ಅನ್ನಿಸಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನನ್ನ ಹೆಸರು ವಾರಿಜವ್ವ, ವಯಸ್ಸು ಅರವತ್ತೆಂಟು, ಬಲೆ ನೇಯುವುದು ಕಸುಬು. ತೇಲೂರು ಎಂದರೆ ದಡ ಸುಡತೊಡಗಿದ ಮೇಲೆ ಹಳೆಯ ಹಡಗುಗಳನ್ನು ಒಂದಕ್ಕೊಂದು ಬಿಗಿದು ನಾವು ಮಾಡಿಕೊಂಡ ಊರು. ಇಲ್ಲಿ ಅರವತ್ತು ದಾಟಿದವರು ಹಿಂದಂಚೆಗೆ ಒಂದೇ ಒಂದು ಕಾಗದ ಹಾಕಬಹುದು. ಅದು ಕಾಲದಲ್ಲಿ ಹಿಂದಕ್ಕೆ ಹೋಗುತ್ತದಂತೆ. ತೀರಿಹೋದ ಗಂಡನಿಗೆ ಬರೆಯುವವರೇ ಹೆಚ್ಚು. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ವಿಪರೀತ ಹೆದರಿಕೆಯಾಗಿದೆ.

ನನ್ನ ಮಗಳು ಮಂದಾರೆಗೆ ಎಂಟು ತಿಂಗಳ ಹೆಣ್ಣು ಕೂಸು, ಚಿಗುರಿ. ಅದಕ್ಕೆ ಬಿಸಿಯುಬ್ಬಸ. ಗಾಳಿ ಕಾದಷ್ಟೂ ಎದೆಗೂಡು ಬಿಗಿಯುವ ರೋಗವದು. ಬರುವ ಬೇಸಿಗೆಯನ್ನು ಕೂಸು ಇಲ್ಲಿ ದಾಟುವುದಿಲ್ಲ, ತಂಪಿನ ಊರು ಸೇರಿದರೆ ಬದುಕುತ್ತದೆ ಎಂದು ವೈದ್ಯರು ನನ್ನ ಮುಖಕ್ಕೇ ನೇರವಾಗಿ ಹೇಳಿದರು. ನಾರ್ವೆಯ ಉತ್ತರ ತುದಿಯ ಟ್ರೊಮ್ಸೊ ನಮ್ಮಂಥವರನ್ನು ಸೇರಿಸಿಕೊಳ್ಳುತ್ತದೆ, ಆದರೆ ಮೊದಲು ನೋಟದಿನ ಆಗಬೇಕು. ಮನೆಯ ಹಿರಿಯರೊಬ್ಬರು ಒಂದು ಹಗಲು ಆ ಊರಿನಲ್ಲಿ ಓಡಾಡಿ ಮೂರು ಅಂಗಡಿ ಹೊಕ್ಕು ಬರಬೇಕು. ಮಣಿಕಟ್ಟಿಗೆ ಕೆಂಪು ಉಣ್ಣೆಯ ದಾರ ಕಟ್ಟಿ ಕಳಿಸುತ್ತಾರೆ. ಇವರು ನಮ್ಮ ನೆರೆಯವರಾಗಲಿ ಎಂದು ಅನ್ನಿಸಿದರೆ ಅಂಗಡಿಯವರು ಆ ದಾರಕ್ಕೊಂದು ಗಂಟು ಹಾಕುತ್ತಾರೆ. ಸಂಜೆಗೆ ಮೂರು ಗಂಟಿದ್ದರೆ ಇಡೀ ಮನೆಗೆ ಪ್ರವೇಶ. ಎರಡೇ ಇದ್ದರೆ ಯಾರಿಗೂ ಇಲ್ಲ, ಇನ್ನೊಂದು ಅವಕಾಶವೂ ಇಲ್ಲ.

ಹೋಗುವವರಿಗೆಂದು ನಮ್ಮಲ್ಲೊಂದು ಕೈಪಿಡಿಯಿದೆ. ಅದನ್ನು ಬರೆದವರು ನೀವೇ. ರಾತ್ರಿ ಬಣ್ಣದ ಬೆಳಕು ಕುಣಿಯುವ ಆಕಾಶ ನೋಡಲು ಅಲ್ಲಿಗೆ ಹೋಗುತ್ತಿದ್ದ ನಿಮ್ಮ ಕಾಲದ ಕನ್ನಡಿಗರ ಟಿಪ್ಪಣಿಗಳನ್ನು ಆರಿಸಿ ಜೋಡಿಸಿದ್ದು. ಮನೆಗಳ ಒಳಗೆ ಹೋಗುವಾಗ ಬೂಟು ಬಿಡಿ, ಸಾಲಿನಲ್ಲಿ ಮೈಗೆ ಮೈ ತಾಗಿಸಬೇಡಿ, ಕಾಫಿ ಅಂಗಡಿಗಳ ಹೊರಗೆ ತಳ್ಳುಗಾಡಿಯಲ್ಲಿ ಎಳೆಗೂಸುಗಳನ್ನು ಚಳಿಯಲ್ಲೇ ಮಲಗಿಸಿರುತ್ತಾರೆ, ಅದು ಅಲ್ಲಿನ ಪದ್ಧತಿ, ಗಾಬರಿಯಾಗಬೇಡಿ, ಮುಟ್ಟಬೇಡಿ. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಹೊರಡುವಾಗ ಮಂದಾರೆ, “ಅವ್ವಾ, ನಿನ್ ಕೈ ಸುಮ್ಕ ಇರೂದಿಲ್ಲ. ಅಲ್ಲಿ ಏನೂ ಮುಟ್ಟಬ್ಯಾಡ,” ಎಂದು ಮೂರು ಸಲ ಹೇಳಿದಳು.

ಟ್ರೊಮ್ಸೊ ಒಂದು ದ್ವೀಪ. ಉದ್ದನೆಯ ಸೇತುವೆಯ ಆಚೆ ದಡದಲ್ಲಿ ಬಿಳಿಯ ಮುಕ್ಕೋನದ ಚರ್ಚು, ಈಚೆ ಹಳದಿ ಕೆಂಪು ಬಣ್ಣದ ಮರದ ಮನೆಗಳು. ನಿಮ್ಮ ಕಾಲದಷ್ಟಲ್ಲದಿದ್ದರೂ ಹಿಮ ಈಗಲೂ ಬೀಳುತ್ತದೆ. ನಾನು ಮೊದಲ ಬಾರಿಗೆ ಹಿಮ ನೋಡುತ್ತಿದ್ದರೂ ಕಣ್ಣು ದಾರದ ಮೇಲೆಯೇ ಇತ್ತು. ಮೊದಲು ಹೊಕ್ಕದ್ದು ಒಣಮೀನಿನ ಅಂಗಡಿ. ಒಡತಿ ಟೋರ್ಬ್ಯೋರ್ಗ್, ನನ್ನ ಓರಗೆಯವಳು, ಪ್ರತಿ ಮೀನನ್ನೂ ಮೂಸಿ ನೋಡಿ ಬೇರೆ ಬೇರೆ ರಾಶಿಗೆ ಎಸೆಯುತ್ತಿದ್ದಳು. ಆ ಊರಿನಲ್ಲಿ ಮೀನಿನ ದರ್ಜೆ ಹೇಳುವುದು ಇಂದಿಗೂ ಮೂಗೇ. ಒಳಗೆ ಬರಲೇ ಎಂದು ಕೇಳಿದಾಗ ಅವಳು ಸರಕ್ಕನೆ ಉಸಿರು ಒಳಗೆಳೆದುಕೊಂಡಳು. ಏನು ತಪ್ಪು ಮಾಡಿದೆನೋ ಎಂದು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ನಕ್ಕುಬಿಟ್ಟಳು. ಬೇರೆಯವರ ಮಾತನ್ನು ಕನ್ನಡ ಮಾಡಿ ಹೇಳುವ ನನ್ನ ಕಿವಿಮಣಿ ಉಸುರಿತು: “ಹೆದರಬೇಡ ಮುದುಕಿ, ಉಸಿರೆಳೆದರೆ ಹೌದು ಎಂದರ್ಥ. ಈ ಮೀನೂ ಸತ್ತು ಆರು ತಿಂಗಳಾಗಿದೆ, ಕಚ್ಚುವುದಿಲ್ಲ.” ಸರಿಯಾಗಿ ಒಣಗದೆ ಹಸಿಯಿದ್ದ ಒಂದನ್ನು ನಾನು ಮೂಸಿಯೇ ಗುರುತಿಸಿದೆ. ಮೊದಲ ಗಂಟು ಬಿತ್ತು.

ಎರಡನೆಯವನು ಆ ಉತ್ತರ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನಾಂಗದ ಆಂತೆ, ಹಿಮಸಾರಂಗದ ಕೊಂಬಿನಲ್ಲಿ ಚಾಕುವಿನ ಹಿಡಿ ಮಾಡುವವನು. ಮಾತಿನಲ್ಲಿ ಮಹಾ ಜಿಪುಣ. ಚಾಕು ಕೊಟ್ಟು, ಒಂದು ಹಗ್ಗ ಮುಂದಿಟ್ಟು ನನ್ನ ಕೈ ನೋಡುತ್ತ ಕುಳಿತ. ನಾನು ಹಗ್ಗ ಕತ್ತರಿಸಿ, ತುದಿ ಬಿಚ್ಚಿಹೋಗದಂತೆ ಹೆಣೆದು ಕೊಟ್ಟೆ. ಅವನೂ ಉಸಿರೆಳೆದುಕೊಂಡು ಎರಡನೆಯ ಗಂಟು ಹಾಕಿದ. ಈ ಸಲ ನಾನು ಹೆದರಲಿಲ್ಲ, ಅತ್ತುಬಿಡುತ್ತೇನೇನೋ ಅನ್ನಿಸಿತು.

ಮೂರನೆಯದು ಸೋಲ್ವಿ ಎಂಬಾಕೆಯ ಕಾಫಿ ಅಂಗಡಿ. ಬೂಟಿನ ಹಿಮ ಕೊಡವಿ ಬಾಗಿಲ ಪಕ್ಕದ ಮೇಜಿಗೆ ಕುಳಿತೆ. ಕಿಟಕಿಯ ಹೊರಗೆ ತಳ್ಳುಗಾಡಿ, ಅದರಲ್ಲಿ ಉಣ್ಣೆ ಸುತ್ತಿದ ಕೂಸು. ಬಿಸಿ ದೋಸೆಯಂಥದ್ದರ ಮೇಲೆ ಕಂದುಬಣ್ಣದ ಚೀಸ್ ಇಟ್ಟುಕೊಟ್ಟು ಸೋಲ್ವಿ ಒಳಗೆ ಹೋದಳು. ಒಳಗೆ ಕಾಫಿಬೀಜ ಅರೆಯುವ ಯಂತ್ರದ ಗದ್ದಲ. ಆಗ ಕೂಸು ಎದ್ದಿತು. ಮೊದಲು ಮುಲುಗಿತು, ಆಮೇಲೆ ಅಳತೊಡಗಿತು. ಗಾಜಿನಾಚೆ ಅದರ ಬಾಯಿ ಅಗಲವಾಗಿ ತೆರೆದಿದ್ದು ನನಗೆ ಕಾಣುತ್ತಿತ್ತು. ನನ್ನ ಕೈಗಳು ತಾವೇ ಮೇಲೆದ್ದವು. ಅವನ್ನು ತೊಡೆಯ ಕೆಳಗೆ ಒತ್ತಿಹಿಡಿದು ಕುಳಿತೆ. ಮುಟ್ಟಬೇಡಿ ಎಂದಿತ್ತು ಕೈಪಿಡಿ. ಕಣ್ಣೆದುರು ಚಿಗುರಿಯೇ ಇದ್ದಳು, ಅವಳಿಗಾಗಿಯೇ ನಾನು ಕಲ್ಲಾದೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಕೊನೆಗೆ ದಾರಿಹೋಕನೊಬ್ಬ ಬಾಗಿಲು ತೆರೆದು, “ಹೊರಗೆ ಪಾಪು ಎದ್ದಿದೆ!” ಎಂದು ಕೂಗಿದ. ಹಿಂದಿನ ಕೋಣೆಯಿಂದ ತಾಯಿ ಓಡಿಬಂದಳು.

ಸೋಲ್ವಿ ನನ್ನೆದುರು ಬಂದು ಕುಳಿತಳು. ನಿಮಗೆ ಕೇಳಿಸಿತೇ ಎಂದು ಕೇಳಿದಳು. ಕೇಳಿಸಿತು ಎಂದೆ, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ಮೆಲ್ಲಗೆ, ಬೈಯದೆ ಹೇಳಿದಳು: “ನಾವು ಮಕ್ಕಳನ್ನು ಹೊರಗೆ ಮಲಗಿಸುವುದು ಅತ್ತರೆ ಯಾರಾದರೂ ಬಂದು ಹೇಳುತ್ತಾರೆಂಬ ಧೈರ್ಯದಿಂದ. ಮುಟ್ಟಬೇಕಾಗಿಲ್ಲ. ಹೇಳಿದರೆ ಸಾಕು.” ಆಮೇಲೆ ಉಸಿರು ಹೊರಗೆ ಬಿಟ್ಟಳು. ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು. ದಾರವನ್ನು ಮುಟ್ಟಲಿಲ್ಲ.

ತೇಲೂರಿಗೆ ಬಂದಿಳಿದಾಗ ಮಂದಾರೆ ನನ್ನ ಮಣಿಕಟ್ಟು ಹಿಡಿದು ಹೆಬ್ಬೆರಳಿನಿಂದ ತಡವಿದಳು. ಒಂದು, ಎರಡು, ಆಮೇಲೆ ಬರೀ ದಾರ. ನಡೆದದ್ದನ್ನೆಲ್ಲ ಹೇಳಿದೆ. ಅವಳು ರೇಗಲಿಲ್ಲ. “ಕೂಸು ಅಳೂದು ಕೇಳಿ ಸುಮ್ಕ ಕುಂತಿ ಏನವ್ವಾ, ನೀನು?” ಎಂದಷ್ಟೇ ಕೇಳಿದಳು.

ಬೇಸಿಗೆಗೆ ಇನ್ನು ಐದು ವಾರವಿದೆ. ಕೂಸು ಹೋದೀತೆಂಬ ಹೆದರಿಕೆ ಒಂದು ಕಡೆ. ಕೂಸಿನ ಅಳುವಿಗೆ ಏಳದ ಹೆಂಗಸು ನನ್ನೊಳಗೇ ಇದ್ದಳಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ನಿಮ್ಮನ್ನು ಬೇಡುವುದು ಇಷ್ಟೇ. ನಿಮಗೆ ಆ ಊರಿನಲ್ಲಿ ಯಾರೂ ದಾರ ಕಟ್ಟುವುದಿಲ್ಲ. ಟಿಕೆಟ್ಟು ತೆಗೆದು ಹೋಗುತ್ತೀರಿ, ಬಂದು ಬರೆಯುತ್ತೀರಿ. ಮುಟ್ಟಬೇಡಿ ಎಂದು ಬರೆದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅತ್ತರೆ ಒಳಗಿನವರಿಗೆ ಹೇಳಿ ಎಂದು ಇನ್ನೊಂದು ಸಾಲು ಸೇರಿಸಿ. ಆ ಸಾಲು ಬಂದಿದೆಯೇ ಎಂದು ದಿನಾ ಬೆಳಗ್ಗೆ ಕೈಪಿಡಿಯ ಆ ಪುಟ ತೆಗೆದು ನೋಡುತ್ತೇನೆ.

ಚಿಗುರಿ ಅಳುತ್ತಿದ್ದಾಳೆ. ನಾನು ಏಳುತ್ತೇನೆ.

ವಾರಿಜವ್ವ