ನನಗೂ ಒಂದು ನೋಟಿಸ್ ಕೊಡಿ

ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತಿಬಳಸಿ ಹೇಳುವುದೇಕೆ? ಸಂತಪುರದ ಹತ್ತಿರ ನಮ್ಮ ಪ್ರೌಢಶಾಲೆಯಲ್ಲಿ ನನ್ನ ಜೊತೆ ಗಣಿತ ಕಲಿಸುವ ಪ್ರಣಾಲಿಯವರಿಗೆ ತಾವು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದೀರಿ. ಉತ್ತರ ಒಪ್ಪಿಗೆಯಾಗದಿದ್ದರೆ ಪಾಠ ಬಿಡಿಸಿ ಭಾಲ್ಕಿಯ ಯಾವುದೋ ಕಚೇರಿಯಲ್ಲಿ ಕೂರಿಸುವುದಾಗಿಯೂ ಬರೆದಿದ್ದೀರಿ. ಮಕ್ಕಳ ನಂಬಿಕೆ ಕೆಡಿಸಿದರು ಎಂಬುದು ಆರೋಪ. ಅವರಿಗಿಂತ ಎಷ್ಟೋ ವರ್ಷ ಮೊದಲೇ ಸೇವೆಗೆ ಸೇರಿದ ನಾನು ಇದುವರೆಗೆ ಒಂದು ನಂಬಿಕೆಯನ್ನೂ ಕೆಡಿಸಲಿಲ್ಲವೇ? ಈ ಗೌರವ ಅವರೊಬ್ಬರಿಗೇ ಏಕೆ?

ನಡೆದದ್ದು ಇಷ್ಟು. ಹತ್ತನೇ ತರಗತಿ, ಎರಡರ ವರ್ಗಮೂಲದ ಪಾಠ. ಅದು ಯಾವ ಭಿನ್ನರಾಶಿಗೂ ಸಿಗುವುದಿಲ್ಲ, ಅಂದರೆ ಭಿನ್ನರಾಶಿಯಾಗಿ ಬರೆಯಲು ಬರುವುದಿಲ್ಲ ಎಂದು ಸಾಧಿಸಬೇಕು. ಪದ್ಧತಿ ತಮಗೆ ಗೊತ್ತಿರಬೇಕು, ತಾವೂ ಹತ್ತನೆಯದನ್ನು ಪಾಸು ಮಾಡಿದವರು: ಮೊದಲು ಸುಳ್ಳನ್ನೇ ನಿಜವೆಂದು ಊಹಿಸುವುದು, ಅದರ ಬೆನ್ನು ಹತ್ತಿ ಹೋಗಿ, ಅದು ತನ್ನ ಮಾತನ್ನು ತಾನೇ ಮುರಿದಾಗ ಹಿಡಿಯುವುದು. ಪ್ರಣಾಲಿಯವರು ಪಾಠಕ್ಕೆ ಮುಂಚೆ ಕೈ ಎತ್ತಿಸಿದರು. ಭಿನ್ನರಾಶಿಗೆ ಸಿಕ್ಕೇ ಸಿಗುತ್ತದೆ ಎಂದು ಬಹುಮತ ಬಂತು. ಸಾಧನೆ ಮುಗಿದಾಗ ಬಹುಮತ ಸೋತಿತ್ತು.

"ಹಂಗಾದ್ರ ಎಲೆಕ್ಷನ್‌ದಾಗೂ ಹಿಂಗ ಆಗಬಹುದೇನ್ರಿ ಟೀಚರ್ರಿ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ನನ್ನ ಮಗಳು ಅನುಗ್ರಹ. "ದೇವರು ಇದ್ದಾನಂತ ಹಿಂಗ ಸಾಧಿಸಲಿಕ್ಕ ಬರ್ತದೇನ್ರಿ?" ಎಂದಳು. "ನೋಡೋಣು" ಎಂದು ಪ್ರಣಾಲಿಯವರು ಪದ್ಧತಿಯಂತೆ ಹಲಗೆಯ ಮೇಲೆ ‘ದೇವರಿಲ್ಲ ಎಂದು ಊಹಿಸೋಣ’ ಎಂದು ಬರೆದರು. ತಮ್ಮ ಜೀಪು ಬಂದದ್ದು ಆಗಲೇ. ಬಾಗಿಲಲ್ಲಿ ನಿಂತು ಆ ಒಂದು ಸಾಲಿನ ಫೋಟೊ ಹೊಡೆದುಕೊಂಡು ತಾವು ಹೊರಟುಹೋದಿರಿ.

ಆಮೇಲೆ ಏನಾಯಿತೆಂದು ಕೇಳುವ ಕುತೂಹಲವೂ ತಮಗಿರಲಿಲ್ಲವೇ? ಸಾಧನೆ ಮುಂದೆ ಸಾಗಲಿಲ್ಲ. ಇವರು ಅದನ್ನು ಒರೆಸಿ ‘ದೇವರಿದ್ದಾನೆ ಎಂದು ಊಹಿಸೋಣ’ ಎಂದು ಬರೆದರು. ಅದೂ ಸಾಗಲಿಲ್ಲ. "ಈ ದಾರಿ ಅಲ್ಲೀತನಕ ಹೋಗೂದಿಲ್ಲ ನೋಡ್ರಿ. ಸಾಧಿಸಲಾರದ ಒಪ್ಪಿಕೊಂಡ ಮಾತು ಗಣಿತದಾಗೂ ಅವ. ಒಪ್ಪಿಕೊಂಡೇವಿ ಅನ್ನೂದು ನೆನಪಿರಲಿ, ಸಾಕು" ಎಂದರಂತೆ.

ಅಂದು ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕೂತಾಗ ಅನುಗ್ರಹ ಕೇಳಿದಳು: "ಪಪ್ಪಾ, ದೇವರು ನಮ್ಮ ಪ್ರಾರ್ಥನಾ ಕೇಳ್ತಾನ ಅನ್ನೂದು ನಾವು ಸಾಧಿಸೇವೋ, ಒಪ್ಪಿಕೊಂಡೇವೋ?" ತಲೆಮಾರುಗಳಿಂದ ಮೆಥೋಡಿಸ್ಟ್ ಚರ್ಚಿನವರು ನಾವು, ನಮ್ಮ ಮನೆಯಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ. "ಹೇಳ್ರಿ, ನಿಮಗ ಕೇಳ್ಲಿಕತ್ತಾಳ" ಎಂದಳು ನನ್ನ ಹೆಂಡತಿ ಕ್ಯಾಥರಿನ. "ಒಪ್ಪಿಕೊಂಡೇವಿ" ಅಂದೆ. ಮಗಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಅವಳು ಅಷ್ಟು ಮನಸ್ಸಿಟ್ಟು ಪ್ರಾರ್ಥಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಂಬಿಕೆ ಕೆಡುವುದು ಎಂದರೆ ಇದೇ ಏನು, ಮಾನ್ಯರೇ?

ನನ್ನ ಸಂಕಟ ಬೇರೆ. ಗಣಿತ ಶಿಕ್ಷಕನ ಮಗಳಿಗೆ ಆ ಪ್ರಶ್ನೆ ಇನ್ನೊಬ್ಬರ ತರಗತಿಯಲ್ಲಿ ಹುಟ್ಟಿತಲ್ಲ! ನನ್ನ ತರಗತಿಯ ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಕೇಳುವ ಪ್ರಶ್ನೆ ಒಂದೇ: "ಇದು ಪರೀಕ್ಷಾಕ್ಕ ಬರ್ತದೇನ್ರಿ ಸರ್?" ಹೊಟ್ಟೆ ಉರಿಯದೆ ಇನ್ನೇನಾದೀತು?

ಇರಲಿ. ತಮ್ಮ ನೋಟಿಸ್ ಸರಿ ಎಂದು ಊಹಿಸೋಣ. ಹಾಗಾದರೆ ‘ಊಹಿಸೋಣ’ ಎಂದು ಬರೆದವರೆಲ್ಲ ಅದನ್ನು ನಂಬಿ ಹರಡಿದವರೇ. ಎರಡರ ವರ್ಗಮೂಲ ಭಿನ್ನರಾಶಿಗೆ ಸಿಗುತ್ತದೆ ಎಂದು ಊಹಿಸೋಣ, ಈ ಅಪ್ಪಟ ಸುಳ್ಳನ್ನು ನಾನು ಪ್ರತಿ ವರ್ಷ ಬರೆಯುತ್ತೇನೆ. ಸರ್ಕಾರದ ಪಠ್ಯಪುಸ್ತಕವೂ ಅಚ್ಚು ಹಾಕಿ ಹಂಚುತ್ತದೆ. ಆಗ ಮೊದಲ ನೋಟಿಸ್ ಪುಸ್ತಕಕ್ಕೆ, ಎರಡನೆಯದು ನನಗೆ ಬರಬೇಕಿತ್ತು. ಬಂದಿಲ್ಲ. ತಮ್ಮ ಊಹೆ ಎಲ್ಲಿ ಮುರಿಯಿತು ಎಂಬುದನ್ನು ನಮ್ಮ ಹತ್ತನೇ ತರಗತಿಯ ಯಾವ ಮಗುವಾದರೂ ತೋರಿಸುತ್ತದೆ.

ಪ್ರಣಾಲಿಯವರ ನೋಟಿಸ್ ಹಿಂತೆಗೆದುಕೊಳ್ಳಿ. ಆಗದಿದ್ದರೆ ಸೋಮವಾರ ಮತ್ತೆ ಬನ್ನಿ. ತಾವು ಅಂದು ಫೋಟೊ ಹೊಡೆದ ಅದೇ ಸಾಲು ನನ್ನ ಹಲಗೆಯ ಮೇಲೆ, ನನ್ನ ಕೈಬರಹದಲ್ಲಿ ಇರುತ್ತದೆ. ಫೋಟೊ ಹೊಡೆದುಕೊಂಡು ಹೋಗಿ, ಭಾಲ್ಕಿಯ ಆ ಕಚೇರಿಯಲ್ಲಿ ಎರಡು ಕುರ್ಚಿ ಹಾಕಿಸಿ. ಅಲ್ಲಾದರೂ ಕೂತು ಅವರ ಪಾಠ ಕೇಳುತ್ತೇನೆ.

ಇಂತಿ,
ಒಂದು ನೋಟಿಸಿಗೂ ಅರ್ಹನಾಗದೆ ಉಳಿದ
ಜೀವನಕುಮಾರ, ಗಣಿತ ಶಿಕ್ಷಕ