ದೃಷ್ಟಿ ತೆಗೆದ ಮೆಣಸಿನ ಗಿಡ

ಮಡೆಪ್ಪಣ್ಣಾ,

ಹುಮನಾಬಾದಿಗೆ ಚಿಗವ್ವನ ಮನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅವ.

ಎಲಿ ಮುರುಟಿದ ಮೆಣಸಿನ ಗಿಡ ಕಿತ್ತು ಅಲ್ಲೇ ಸುಡು ಅಂದಿದ್ದೆ. ಬಿಳಿ ನೊಣ ಅದರ ರಸ ಹೀರಿ, ಚಲೋ ಗಿಡದ ಮ್ಯಾಲೆ ಕೂತು ರೋಗ ಹಚ್ಚತದ ಅಂದಿದ್ದೆ. ‘ತಂಗಿ ಬಿ.ಎ. ಓದಿ ನೊಣ ಎಣಸಾಕತ್ತಾಳ್ರಿ’ ಅಂತ ಆಳುಗಳ ಮುಂದ ನಕ್ಕಿ. ನೀನು ದೃಷ್ಟಿ ತೆಗೀತೀನಂತ ಆ ಗಿಡ ಹಿಡಕೊಂಡು ಸಾಲು ಸಾಲಿಗೂ ನಿವಾಳಿಸಿದಿ. ನೊಣದ ಮೆರವಣಿಗಿ ಮಾಡಿದಂಗಾತು. ಈಗ ನೀ ನಡೆದ ದಾರಿಗುಂಟ ಎಲಿ ಮುರುಟ್ಯಾವ.

ಬಾವಿ ಕಡೆ ನಾಕು ಸಾಲು ಇನ್ನೂ ಹಸರ ಅವ. ಅವ್ವ ಸಾಯೋ ಮುಂದ ಕಟ್ಟಿಟ್ಟ ಬೀಜದಾಗ ಉಳಿದದ್ದು ಅಷ್ಟೇ. ಮುರುಟಿದ್ದನ್ನೆಲ್ಲಾ ಇವತ್ತೇ ಸುಡು. ಬಾವಿ ಕಡೆ ದೃಷ್ಟಿ ತೆಗೀಲೇಬೇಕಂದ್ರ, ಬರೇ ಕೈಲೆ ತೆಗಿ.

ಭಾಗೂ