ಗದ್ದುಗೆ ಮುಟ್ಟಿ ಹೇಳಿದ ಮಾತು

ಅಜ್ಜಂಪುರ
ಫೆಬ್ರವರಿ, ೧೯೮೩

ಕರಿಯಪ್ಪಾ,

ಈ ಅಕ್ಷರ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹನ್ನೊಂದು ವರ್ಷ ನನ್ನ ಕಾರು ಓಡಿಸಿದವನು ನೀನು. ಪೆಟ್ರೋಲ್ ಚೀಟಿಯ ಮೇಲಿನ ನನ್ನ ಸೊಟ್ಟ ಬರಹ ನಿನಗಲ್ಲದೆ ಇನ್ಯಾರಿಗೆ ಗುರುತು? ಹರಿದು ಬಿಸಾಡಬೇಡ. ಒಬ್ಬನೇ ಕೂತು ಓದಲೂ ಬೇಡ. ಸಖರಾಯಪಟ್ಟಣದ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಜನ ತುಂಬಿರುವಾಗ ಯಾರಿಂದಲಾದರೂ ಜೋರಾಗಿ ಓದಿಸು.

ಹೋದ ವರ್ಷ ಈರುಳ್ಳಿ ಮಂಡಿಯನ್ನು ಮಗನ ಕೈಗೆ ಕೊಟ್ಟೆ. ಐವತ್ತಮೂರು ವಯಸ್ಸು, ಮಾಡಲು ಕೆಲಸವಿಲ್ಲ, ಜಗಲಿಯ ಮೇಲೆ ಕೂತು ಹೋಗಿ ಬರುವವರನ್ನು ಬೈಯುವುದಷ್ಟೇ ಉಳಿದಿತ್ತು. ಗೋದಾಮಿನ ಹಿಂದೆ ನಮ್ಮ ಲ್ಯಾಂಡ್‌ಮಾಸ್ಟರ್ ಬಿದ್ದಿತ್ತಲ್ಲ, ನನ್ನ ಹೆಂಡತಿ ವಿಮಲ ಸತ್ತ ಕಾರು. ಗುಜರಿಗೆ ಹಾಕಲು ಮನಸ್ಸು ಬಂದಿರಲಿಲ್ಲ, ಅತ್ತ ತಿರುಗಿ ನೋಡಲೂ ಬಂದಿರಲಿಲ್ಲ. ಒಂದು ದಿನ ಏನೋ ತೋಚಿ ಅದರ ಮೇಲಿನ ಬಳ್ಳಿ ಕಿತ್ತೆ. ಮಾರನೆಯ ದಿನ ಒಂದು ಬಾಗಿಲು ಬಿಚ್ಚಿದೆ. ಅಷ್ಟೇ ನೋಡು, ಹುಚ್ಚು ಹಿಡಿಯಿತು.

ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಹೆಡ್‌ಲೈಟಿಗಾಗಿ ಅಲೆದೆ. ತುಕ್ಕು ಉಜ್ಜಿ ಉಜ್ಜಿ ಬೆರಳು ಸುಲಿದುಕೊಂಡೆ. ಸೊಸೆ ಊಟ ಬಡಿಸುವ ಮೊದಲು ನನ್ನ ಕೈ ನೋಡಿ ಸೋಪಿನ ಡಬ್ಬಿ ಮುಂದಿಡುತ್ತಿದ್ದಳು. ಊರವರು ನಕ್ಕರು. ನಾಚಿಕೆಯಿಲ್ಲದೆ ಹೇಳುತ್ತೇನೆ, ವಿಮಲ ಹೋದ ಮೇಲೆ ಅಷ್ಟು ಸುಖವಾಗಿ ನಾನು ಒಂದು ದಿನವೂ ಇರಲಿಲ್ಲ.

ಬ್ರೇಕಿನ ಕೆಲಸಕ್ಕೆ ತರೀಕೆರೆಯಿಂದ ಮೆಕ್ಯಾನಿಕ್ ನಂಜುಂಡಪ್ಪನನ್ನು ಕರೆಸಿದೆ. ಡ್ರೈವರ್ ಕಾಲಿಡುವ ಜಾಗದ ಮುಚ್ಚಳ ತೆಗೆದು, ಬ್ರೇಕ್ ಆಯಿಲಿನ ಡಬ್ಬಿಯೊಳಗೆ ಬೆರಳು ಅದ್ದಿ, ಮೂಸಿ ನೋಡಿದ. ಆಮೇಲೆ ಒಳಗಿನ ರಬ್ಬರ್ ವಾಷರ್ ಕಿತ್ತು ನನ್ನ ಅಂಗೈಲಿಟ್ಟ. ನೆನೆದ ಕಡಲೆಯಂತೆ ಊದಿಕೊಂಡು ಮೆತ್ತಗಾಗಿತ್ತು.

"ಯಾರೋ ಪುಣ್ಯಾತ್ಮ ಇದ್ಕೆ ಇಂಜಿನ್ ಆಯಿಲ್ ಹುಯ್ದವ್ನೆ ಕಣ್ರೀ. ರಬ್ಬರ್ ತಿಂದಾಕ್ಬಿಡ್ತದೆ ಅದು. ಇಳಿಜಾರಲ್ಲಿ ಇಂಥ ಗಾಡಿ ನಿಂತದಾ?" ಎಂದ.

ಆ ಪುಣ್ಯಾತ್ಮ ನಾನು, ಕರಿಯಪ್ಪ.

ಲಿಂಗದಹಳ್ಳಿಯ ಮದುವೆಗೆ ಎರಡು ದಿನ ಮೊದಲು ನೀನು ಊಟಕ್ಕೆ ಹೋಗಿದ್ದೆ. ಡಬ್ಬಿಯಲ್ಲಿ ಎಣ್ಣೆ ಇಳಿದಿತ್ತು, ಬ್ರೇಕ್ ಆಯಿಲಿನ ಶೀಶೆ ಖಾಲಿಯಾಗಿತ್ತು. ಎಣ್ಣೆ ಎಲ್ಲಾ ಒಂದೇ ಎಂದುಕೊಂಡು ಪಕ್ಕದ ಡಬ್ಬದಿಂದ ಸುರಿದು, ಮುಚ್ಚಳ ಹಾಕಿ, ಕೈ ಒರೆಸಿಕೊಂಡೆ. ನಿನಗೆ ಹೇಳಲಿಲ್ಲ. ಆಮೇಲೆ ನನಗೇ ಮರೆತುಹೋಯಿತು. ನಂಬುತ್ತೀಯೋ ಬಿಡುತ್ತೀಯೋ, ಒಂಬತ್ತು ವರ್ಷ ನಿಜವಾಗಿಯೂ ಮರೆತಿದ್ದೆ.

ಮದುವೆಯಿಂದ ವಿಮಲಳನ್ನು ಕರೆತರುವಾಗ ಇಳಿಜಾರಿನಲ್ಲಿ ಕಾರು ಉರುಳಿತು. "ತುಳಿದೆ ಸಾವ್ಕಾರ್ರೇ, ತಳಕ್ಕೇ ಹೋಗ್ಬಿಡ್ತು, ಬ್ರೇಕ್ ಹಿಡೀಲೇ ಇಲ್ಲ" ಎಂದು ಆಸ್ಪತ್ರೆಯ ಮಂಚದ ಮೇಲಿಂದ ನೀನು ಅತ್ತೆ. ಮದುವೆಮನೆಯಲ್ಲಿ ಕುಡಿದಿದ್ದಾನೆ ಎಂದು ನಾನು ಊರೆಲ್ಲ ಸಾರಿದೆ. ನೀನು ಆರು ತಿಂಗಳು ಜೈಲಿನಲ್ಲಿದ್ದು ಬಂದೆ. ನನಗೆ ಅದೂ ಸಾಲಲಿಲ್ಲ. ಮಠಕ್ಕೆ ಕರೆಸಿ, ಹಿರಿಯರನ್ನು ಕೂರಿಸಿ, ಗದ್ದುಗೆ ಮುಟ್ಟು ಎಂದೆ. ನೀನು ಒದ್ದೆ ಬಟ್ಟೆಯಲ್ಲೇ ಬಂದು, ಗದ್ದುಗೆಯ ಮೇಲೆ ಎರಡೂ ಕೈಯಿಟ್ಟು, ಕುಡಿದಿರಲಿಲ್ಲ, ಬ್ರೇಕ್ ತುಳಿದಿದ್ದೆ ಎಂದೆ.

ಮೂರು ತಿಂಗಳಿಗೆ ನಿನ್ನ ಮಗಳು ತಿಪ್ಪಮ್ಮ ಜ್ವರದಲ್ಲಿ ಹೋದಳು. ಆರು ವರ್ಷದ ಕೂಸು. "ಸುಳ್ಳು ಆಣೆ ಮಾಡಿದ್ರೆ ಗದ್ದುಗೆ ಸುಮ್ನೆ ಬಿಡ್ತದಾ" ಎಂದವನು ನಾನೇ. ಮಂಡಿಯಲ್ಲಿ, ಹಮಾಲರ ಮುಂದೆ ಅಂದೆ. ಸಂಜೆಯೊಳಗೆ ಆ ಮಾತು ನಿನ್ನ ಮನೆ ತಲುಪಿತು. ನಿನ್ನ ಸುಳ್ಳೇ ಮಗಳನ್ನು ತಿಂದಿತೆಂದು ನಂಬಿ ನಿನ್ನ ಹೆಂಡತಿ ಹುಲಿಯಮ್ಮ ಗಂಟು ಕಟ್ಟಿಕೊಂಡು ದೇವನೂರಿನ ತವರಿಗೆ ನಡೆದಳು.

ಹೋದ ಸೋಮವಾರ ನಾನೂ ಗದ್ದುಗೆ ಮುಟ್ಟಿ ಬಂದೆ. ಆ ಹಿರಿಯರಲ್ಲಿ ಈಗ ಉಳಿದಿರುವವರು ಮೂವರು. ಅವರ ಮುಂದೆ ಎಲ್ಲಾ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಹೋಗ್ಲಿ ಬಿಡಿ, ಹಳೇ ಕಥೆ, ಬೇಕಂತ ಮಾಡಿದ್ರಾ" ಎಂದು ಮಲ್ಲಿಕಾರ್ಜುನಯ್ಯ ನನಗೇ ಸಮಾಧಾನ ಹೇಳಿದ. ನಿನಗೆ ಆ ದಿನ ಒಬ್ಬನಾದರೂ ಹಾಗೆ ಹೇಳಿದನೇ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಲ್ಲಿಂದ ದೇವನೂರಿಗೆ ಹೋದೆ, ಬಸ್ಸಿನಲ್ಲಿ. ಕಾರು ಈಗ ಓಡುತ್ತದೆ, ಬ್ರೇಕೂ ಹಿಡಿಯುತ್ತದೆ. ನನಗೆ ಹತ್ತಲು ಆಗುವುದಿಲ್ಲ.

ಹುಲಿಯಮ್ಮ ರಾಗಿ ಕೇರುತ್ತಿದ್ದಳು. ನಿಂತುಕೊಂಡೇ ಹೇಳಿ ಮುಗಿಸಿದೆ. ನಿನ್ನ ಗಂಡನ ಆಣೆ ನಿಜ, ತಪ್ಪು ನನ್ನದು ಎಂದೆ. ಮೊರ ಕೆಳಗಿಟ್ಟಳು. ಅಳುತ್ತಾಳೆ, ಇಲ್ಲ ಮೊರದಲ್ಲೇ ಬಡಿಯುತ್ತಾಳೆ ಅಂದುಕೊಂಡೆ. ಒಂದೇ ಮಾತು ಕೇಳಿದಳು:

"ಅಂಗಾದ್ರೆ ನನ್ ಮಗಳು ಯಾತಕ್ಕೆ ಸತ್ತಳು?"

ಆ ಸುಳ್ಳೇ ಅವಳಿಗೆ ಇಷ್ಟು ದಿನ ಒಂದು ಕಾರಣ ಕೊಟ್ಟಿತ್ತು, ಕರಿಯಪ್ಪ. ಅದನ್ನೂ ಕಿತ್ತುಕೊಂಡು ಬಂದೆ. ಮುಂದಿನ ಬಸ್ಸು ಹಿಡಿದು ಹೊರಟುಬಂದೆ. ಅವಳ ಪ್ರಶ್ನೆಗೆ ಉತ್ತರ ನಿನ್ನಲ್ಲೂ ಇರಲಾರದು. ಆದರೆ ಆ ಪ್ರಶ್ನೆ ಹೊತ್ತುಕೊಂಡು ಅವಳೊಬ್ಬಳೇ ಕೂತಿದ್ದಾಳೆ. ನನಗೆ ಹಾಕುವ ಶಾಪವನ್ನು ಆಮೇಲೆ ಹಾಕು. ಮೊದಲು ದೇವನೂರಿಗೆ ಹೋಗು.

ವಯಸ್ಸಿನಲ್ಲಿ ಹಿರಿಯನಾದರೂ ನಿನಗೆ ಆಶೀರ್ವಾದ ಬರೆಯುವ ಯೋಗ್ಯತೆ ನನಗಿಲ್ಲ. ಹುಲಿಯಮ್ಮ ನಿನಗೆ ಬಾಗಿಲು ತೆಗೆಯಲಿ.

ಇಂತಿ,
ನಿನ್ನ ಮಾತು ನಂಬದಿದ್ದ
ಕಲ್ಲೇಶಪ್ಪ